ಎದೆಯುರಿ: ಖಾರ ಬಿಟ್ಟರೂ ಬಿಡದ ಉರಿಗೆ ಕಾರಣ ಎಲ್ಲಿದೆ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ನನಗೆ ಗ್ಯಾಸ್ಟ್ರಿಕ್ ಇದೆ’ ಎಂದೇ ಶುರುವಾಗುತ್ತವೆ. ಬೆಂಗಳೂರಿನಲ್ಲಿ ಹೊಟ್ಟೆಯುಬ್ಬರ, ತೇಗು, ಹುಳಿನೀರು, ಬೆನ್ನು ಹಿಡಿದದ್ದು, ಕೊನೆಗೆ ಹೃದಯಾಘಾತ ಕೂಡ ‘ಗ್ಯಾಸ್ಟ್ರಿಕ್’ ಹೆಸರಿನಲ್ಲೇ ಓಡಾಡುತ್ತದೆ. ಇಲ್ಲಿ ನಾವು ಮಾತಾಡುವುದು ಜಠರದ ಆಮ್ಲ ಮೇಲಕ್ಕೆ ನುಗ್ಗಿ ಎದೆ, ಗಂಟಲು ಉರಿಯುವುದರ ಬಗ್ಗೆ.

ಪ್ರಶ್ನೆ: ವಯಸ್ಸು 56. ಹಸಿಮೆಣಸಿನಕಾಯಿ, ಉಪ್ಪಿನಕಾಯಿ ಬಿಟ್ಟು ಆರು ತಿಂಗಳಾಯಿತು. ಆದರೂ ಮಲಗಿದ ಅರ್ಧ ಗಂಟೆಗೆಲ್ಲ ಎದೆಯುರಿ, ಗಂಟಲಿಗೆ ಹುಳಿನೀರು. ಊಟ ಒಂಬತ್ತೂವರೆಗೆ: ಎರಡು ಮುದ್ದೆ, ಸಾರು, ಆಮೇಲೆ ಅನ್ನ–ಮಜ್ಜಿಗೆ. ಹತ್ತೂಕಾಲಿಗೆ ಮಲಗುತ್ತೇನೆ. ಇನ್ನೇನು ಬಿಡಬೇಕು? – ಶ್ರೀನಗರದಿಂದ

ಬಿಡುವುದು ಕಡಿಮೆ, ಜರುಗಿಸುವುದು ಜಾಸ್ತಿ. ಅನ್ನನಾಳ ಜಠರಕ್ಕೆ ಸೇರುವ ಕಡೆ ಉಂಗುರದಂಥ ಸ್ನಾಯುವಿನ ಕವಾಟವಿದೆ. ನುಂಗಿದಾಗ ತೆರೆದು ಮತ್ತೆ ಬಿಗಿಯುವುದು ಅದರ ಕೆಲಸ. ಆದರೆ ಜಠರದ ಮೇಲ್ಭಾಗ ಹಿಗ್ಗಿದಾಗ, ನಾವು ಏನೂ ನುಂಗದಿದ್ದರೂ ಅದು ಆಗಾಗ ಸಡಿಲವಾಗುತ್ತದೆ. ತೇಗು ಬರುವುದು ಆ ದಾರಿಯಲ್ಲೇ. ಕುಳಿತಿದ್ದರೆ ಹೆಚ್ಚಾಗಿ ಗಾಳಿ ಮಾತ್ರ ಬರುತ್ತದೆ, ಮಲಗಿದ್ದರೆ ಅದರ ಹಿಂದೆ ನೀರೂ ಬರುತ್ತದೆ. ಮೆಣಸಿನಕಾಯಿ ಈ ಕವಾಟವನ್ನು ತೆರೆಯುವ ಮುಖ್ಯ ಕಾರಣವಲ್ಲ, ಅದು ಮಾಡುವುದು ಈಗಾಗಲೇ ಕೆಂಪಾದ ಒಳಪೊರೆಯನ್ನು ಕೆಣಕುವ ಕೆಲಸ. ಹಾಗಾಗಿ ಖಾರ ಬಿಟ್ಟಾಗ ಉರಿ ಸ್ವಲ್ಪ ತಗ್ಗಬಹುದು, ಆಮ್ಲ ಮೇಲೆ ಬರುವುದು ನಿಲ್ಲುವುದಿಲ್ಲ.

ಗಟ್ಟಿ ಊಟದ ಅರ್ಧದಷ್ಟು ಜಠರದಿಂದ ಇಳಿಯಲು ಸುಮಾರು ಎರಡು ಗಂಟೆ ಬೇಕು, ಹೆಚ್ಚುಕಮ್ಮಿ ಖಾಲಿಯಾಗಲು ನಾಲ್ಕು. ನೀವು ಮಲಗುವುದು ಮುಕ್ಕಾಲು ಗಂಟೆಗೆ. ಊಟವನ್ನು ಏಳೂವರೆಗೆ ತನ್ನಿ, ಮಲಗುವುದನ್ನು ಹತ್ತೂವರೆ ದಾಟಿಸಿ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಸಿಗಲೇಬೇಕು. ರಾಗಿಯ ಮೇಲೆ ಅಪವಾದ ಬೇಡ, ಮುದ್ದೆ ಇರಲಿ, ಒಂದೇ ಇರಲಿ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹೊಟ್ಟೆ ತುಂಬಿದ್ದು ತಿಳಿಯುವ ಮೊದಲೇ ಎರಡನೆಯದು ಒಳಗೆ ಹೋಗಿರುತ್ತದೆ. ಅದರ ಮೇಲೆ ಅನ್ನ–ಮಜ್ಜಿಗೆ ರಾತ್ರಿಗೆ ಬೇಡ, ಅದನ್ನು ಮಧ್ಯಾಹ್ನಕ್ಕೆ ಸಾಗಿಸಿ. ಊಟದ ಕೊನೆಗೆ ಚೊಂಬುಗಟ್ಟಲೆ ನೀರು ಕುಡಿಯುವ ಅಭ್ಯಾಸವಿದ್ದರೆ ಒಂದು ಲೋಟಕ್ಕೆ ಇಳಿಸಿ, ಉಳಿದದ್ದನ್ನು ಗಂಟೆ ಬಿಟ್ಟು ಕುಡಿಯಿರಿ.

ಉಂಡ ಮೇಲೆ 15–20 ನಿಮಿಷ ನಿಧಾನವಾಗಿ ಓಡಾಡಿ. ಸೊಂಟದಿಂದ ಬಗ್ಗುವ ಕೆಲಸ, ಅಂದರೆ ನೆಲ ಒರೆಸುವುದು, ಕೆಳಗಿನ ಕಪಾಟು ಜೋಡಿಸುವುದು, ಆಗ ಬೇಡ. ಪಂಚೆ, ಬೆಲ್ಟು, ಲಂಗದ ಲಾಡಿ, ಯಾವುದೇ ಆಗಲಿ ಸಡಿಲ ಮಾಡಿಕೊಳ್ಳಿ. ಮಲಗುವುದು ಎಡಮಗ್ಗುಲಿಗೆ. ಆಗ ಜಠರದ ಚೀಲ ಕವಾಟಕ್ಕಿಂತ ಕೆಳಗಿರುತ್ತದೆ. ಬಲಮಗ್ಗುಲಾದರೆ ಕವಾಟವೇ ನೀರಿನಲ್ಲಿ ಮುಳುಗಿದಂತೆ.

ಇನ್ನು ಮಂಚ. ತಲೆಯ ಕಡೆಯ ಎರಡು ಕಾಲುಗಳನ್ನು 6ರಿಂದ 8 ಅಂಗುಲ ಎತ್ತರಿಸಬೇಕು. ಸಾಮಾನ್ಯ ಇಟ್ಟಿಗೆಯ ದಪ್ಪ 3 ಅಂಗುಲ, ಒಂದರ ಮೇಲೊಂದು ಎರಡು ಅಗಲವಾಗಿ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಕಾಲು ಜಾರದಂತೆ ಮೇಲೊಂದು ರಬ್ಬರ್ ಚೂರು ಹಾಕಿ. ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚವಾದರೆ ಎತ್ತಲಾಗದು, ಆಗ ಇಳಿಜಾರಿನ ಫೋಮ್ ದಿಂಬು ತನ್ನಿ. ಎತ್ತರ 7 ಅಂಗುಲ, ಉದ್ದ ಸೊಂಟದವರೆಗೆ ಬರುವಷ್ಟು. ಎರಡು ಮೂರು ತಲೆದಿಂಬು ಪೇರಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕತ್ತು ಮೇಲೇಳುತ್ತದೆ, ಸೊಂಟ ಮಡಚುತ್ತದೆ, ಹೊಟ್ಟೆ ಒತ್ತಿ ಆಮ್ಲ ಇನ್ನೂ ಮೇಲಕ್ಕೆ ಬರುತ್ತದೆ.

ಹೊಟ್ಟೆಯ ಸುತ್ತ ಬೊಜ್ಜಿದ್ದರೆ ಮೇಲಿನ ಎಲ್ಲವೂ ಅರ್ಧ ಫಲ ಕೊಡುತ್ತವೆ. ಇನ್ನರ್ಧ ತೂಕ ಇಳಿಸಿದಾಗ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ಅತ್ತೆಗೆ ಮಾತ್ರ ಎದೆಯುರಿ. ಅವರಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಎರಡು ಅಡುಗೆ ಮಾಡಲು ಆಗುತ್ತಿಲ್ಲ. ಸಾರು, ಹುಳಿಯನ್ನೇ ಬದಲಿಸುವ ದಾರಿ ಇದೆಯೇ? – ರಾಜಾಜಿನಗರದಿಂದ

ಇದೆ, ಅದೂ ನಿಮ್ಮ ಈಗಿನ ಕ್ರಮದಲ್ಲೇ. ಬೇಳೆ ಬೇಯುವಾಗ ಹುಣಸೆ ಹಾಕಿದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ, ಆಮ್ಲ ಅದನ್ನು ಮೆತ್ತಗಾಗಲು ಬಿಡದು. ಆದ್ದರಿಂದ ಎಲ್ಲರೂ ಹುಣಸೆಯನ್ನು ಕೊನೆಗೇ ಹಾಕುತ್ತೇವೆ. ಬೇಳೆ, ತರಕಾರಿ, ಉಪ್ಪು, ಅರಿಸಿನ ಬೆಂದು, ಪುಡಿ ಹಾಕಿ ಒಂದು ಕುದಿ ಬಂದಮೇಲೆ ಹುಳಿ ಬೀಳುವ ಮೊದಲು ಎರಡು ಸೌಟು ಬೇರೆ ಬಟ್ಟಲಿಗೆ ತೆಗೆದಿಡಿ. ಅದಕ್ಕೆ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ. ಅತ್ತೆಯವರ ಊಟ ಸಿದ್ಧ. ಉಳಿದ ಪಾತ್ರೆಗೆ ಹುಣಸೆ ಹಿಂಡಿ ಐದಾರು ನಿಮಿಷ ಕುದಿಸಿಕೊಳ್ಳಿ.

ಉಳಿದವರಿಗೂ ಹುಳಿ ತಗ್ಗಿಸಿದರೆ ನಷ್ಟವಿಲ್ಲ. ನಾಲ್ಕು ಜನರ ಸಾರಿಗೆ ನಿಂಬೆಹಣ್ಣಿನ ಗಾತ್ರದ ಹುಣಸೆ ಬೇಕಿಲ್ಲ, ಸಣ್ಣ ನೆಲ್ಲಿಕಾಯಿಯಷ್ಟು ಸಾಕು. ಹೆಚ್ಚು ಕುದಿಸಿದರೆ ಹುಳಿ ‘ಹೋಗುತ್ತದೆ’ ಎಂಬ ನಂಬಿಕೆ ತಪ್ಪು. ಹುಣಸೆಯ ಆಮ್ಲ ಆವಿಯಾಗುವುದಿಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಬೆಲ್ಲ ಹಾಕಿದರೆ ನಾಲಿಗೆಗೆ ಮೋಸ, ಅನ್ನನಾಳಕ್ಕಲ್ಲ. ಹುಣಸೆಯ ಬದಲು ನಿಂಬೆಹಣ್ಣು, ಮಾವಿನಕಾಯಿ ಹಾಕಿದರೂ ಅಷ್ಟೇ ಕಥೆ. ಸೋಡಾ ಚಿಟಿಕೆ ಹಾಕಿ ಹುಳಿ ಕೊಲ್ಲುವವರೂ ಇದ್ದಾರೆ, ಬೇಳೆಯಲ್ಲಿರುವ ಬಿ1 ಜೀವಸತ್ವ ಅದರಿಂದ ಹಾಳಾಗುತ್ತದೆ.

ಟೊಮೆಟೊ ಕೊಳ್ಳುವಾಗ ನೋಡಿ: ಮಾರುಕಟ್ಟೆಯ ನಾಟಿ ಟೊಮೆಟೊ ಸಾರಿಗೆ ಹೆಸರುವಾಸಿಯಾದದ್ದೇ ಅದರ ಹುಳಿಯಿಂದ. ಉರಿ ಇರುವವರ ಪಾತ್ರೆಗೆ ಚೆನ್ನಾಗಿ ಹಣ್ಣಾದ ಹೈಬ್ರಿಡ್ ಟೊಮೆಟೊ ಒಂದು ಸಾಕು, ಅದನ್ನು ಸೀಳಿ ಬೀಜದ ಸುತ್ತಲಿನ ಲೋಳೆ ತೆಗೆದುಹಾಕಿ. ಹುಳಿಯ ಹೆಚ್ಚಿನ ಪಾಲು ತಿರುಳಿಗಿಂತ ಆ ಲೋಳೆಯಲ್ಲಿದೆ. ತರಕಾರಿಗೆ ಸೋರೆ, ಹೀರೆ, ಪಡವಲ, ಬೂದುಗುಂಬಳ, ಸೀಮೆಬದನೆ ಧಾರಾಳವಾಗಿ ಬಳಸಿ.

ಪುಡಿಯ ವಿಷಯ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸುವುದು ವಾಡಿಕೆ. ಗುಂಟೂರು ಕೈಬಿಡಿ. ಒಂದು ಬಟ್ಟಲು ಧನಿಯಕ್ಕೆ 10 ಬ್ಯಾಡಗಿ, ಎರಡು ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಅರ್ಧ ಚಮಚ ಕಾಳುಮೆಣಸು. ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿಯಿರಿ, ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ. ಮೆಣಸಿನಕಾಯಿ ಸೀಳಿ ಬೀಜ ಉದುರಿಸಿದರೆ ಖಾರ ಹೋಯಿತೆಂದು ತಿಳಿಯಬೇಡಿ. ಖಾರ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ದಿಂಡಿನಲ್ಲಿ, ಅದನ್ನು ಕಿತ್ತು ತೆಗೆಯಬೇಕು.

ಹುಳಿ, ಖಾರಕ್ಕಿಂತ ದೊಡ್ಡ ಆರೋಪಿ ಎಣ್ಣೆ. ಜಿಡ್ಡಿನ ಊಟ ಜಠರದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಹೊಟ್ಟೆ ಹಿಗ್ಗಿಯೇ ಇರುತ್ತದೆ. ಕ್ಯಾನಿನಿಂದ ನೇರ ಸುರಿಯುವುದನ್ನು ನಿಲ್ಲಿಸಿ 5 ಮಿಲಿಲೀಟರ್‌ನ ಚಮಚ ಇಟ್ಟುಕೊಳ್ಳಿ. ನಾಲ್ಕು ಜನರ ಸಾರಿನ ಒಗ್ಗರಣೆಗೆ ಎರಡು ಚಮಚ, ಪಲ್ಯಕ್ಕೆ ಮೂರು. ಇಷ್ಟು ಕಡಿಮೆಯಲ್ಲಿ ಸಾಸಿವೆ ಸಿಡಿಯುವುದಿಲ್ಲ ಎನ್ನುವವರಿಗೆ: ಸಾಸಿವೆಗೆ ಬೇಕಿರುವುದು ಕಾವು. ಒಗ್ಗರಣೆ ಸೌಟನ್ನು ಸ್ವಲ್ಪ ಓರೆ ಹಿಡಿದರೆ ಎಣ್ಣೆ ಒಂದು ಮೂಲೆಗೆ ಸೇರಿ ಸಾಸಿವೆ ಅದರಲ್ಲಿ ಮುಳುಗುತ್ತದೆ. ಹಪ್ಪಳ ಕರಿಯುವ ಬದಲು ಸುಡಿ. ಕೋಸಂಬರಿಗೆ ಹಸಿ ಈರುಳ್ಳಿ ಬೇಡ, ಬೆಂದ ಈರುಳ್ಳಿ ಹೆಚ್ಚಿನವರಿಗೆ ಒಗ್ಗುತ್ತದೆ. ಇನ್ನು ಪುಳಿಯೋಗರೆ, ವಾಂಗಿಬಾತ್ ರಾತ್ರಿಯ ಊಟಕ್ಕೆ ಬೇಡವೇ ಬೇಡ. ಹುಳಿ, ಎಣ್ಣೆ, ಖಾರ, ಕೊಬ್ಬರಿ ನಾಲ್ಕೂ ಒಂದೇ ತಟ್ಟೆಯಲ್ಲಿ ಸೇರಿದ ಅಡುಗೆಗಳವು.

ಪ್ರಶ್ನೆ: ಫಿಲ್ಟರ್ ಕಾಫಿ ಬಿಡಲೇಬೇಕೇ? – ಮಲ್ಲೇಶ್ವರದಿಂದ

ಬಿಡಲೇಬೇಕೆಂದಿಲ್ಲ, ಪರೀಕ್ಷಿಸಬೇಕು. ಎರಡು ವಾರ ಪೂರ್ತಿ ನಿಲ್ಲಿಸಿ (ಮೊದಲ ಎರಡು ಮೂರು ದಿನ ತಲೆನೋವು ಬರಬಹುದು, ಅದು ಕೆಫೀನ್ ಬಿಟ್ಟದ್ದಕ್ಕೆ). ಉರಿ ಹಾಗೇ ಇದ್ದರೆ ಕಾಫಿ ನಿರ್ದೋಷಿ. ಕಡಿಮೆಯಾದರೆ ದಿನಕ್ಕೊಂದು ಬೈಟು ಕಾಫಿಯಿಂದ ಮತ್ತೆ ಶುರು ಮಾಡಿ. ಬರಿಹೊಟ್ಟೆಗೆ ಬೇಡ, ತಿಂಡಿಯಾದ ಮೇಲೆ. ಮೂರನೇ ದಿನ ಉರಿ ಮರಳಿದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಬೆರೆತ ಪುಡಿಯಲ್ಲಿ ಕೆಫೀನ್ ಅಷ್ಟರಮಟ್ಟಿಗೆ ಕಡಿಮೆ. ಆದರೆ ಕೆಫೀನ್ ತೆಗೆದ ಕಾಫಿಯೂ ಜಠರದ ಆಮ್ಲ ಹೆಚ್ಚಿಸುತ್ತದೆ, ಹಾಗಾಗಿ ಅದರಿಂದ ಪೂರ್ತಿ ಪಾರಾಗಲಾರಿರಿ. ಚಹಾ, ಚಾಕೊಲೇಟ್, ಮದ್ಯಕ್ಕೂ ಇದೇ ಪರೀಕ್ಷೆ. ಒಂದು ಸಲಕ್ಕೆ ಒಂದೇ.

ಪ್ರಶ್ನೆ: ಬೆಳಗಿನ ತಿಂಡಿ ದರ್ಶಿನಿಯಲ್ಲೇ. ಹುದುಗಿದ ಹಿಟ್ಟಿನ ಇಡ್ಲಿ, ದೋಸೆ ಆಸಿಡಿಟಿಗೆ ಕೆಟ್ಟದ್ದು ಎನ್ನುತ್ತಾರೆ. ನಿಜವೇ? – ಜಯನಗರದಿಂದ

ಹಿಟ್ಟಿನ ಹುಳಿ ಅಷ್ಟೇನೂ ಇರುವುದಿಲ್ಲ. ಎರಡು ಇಡ್ಲಿಯಲ್ಲಿ ಎಣ್ಣೆಯೇ ಇಲ್ಲ. ದರ್ಶಿನಿಯಲ್ಲಿ ಇದಕ್ಕಿಂತ ಸುರಕ್ಷಿತವಾದದ್ದು ಸಿಗದು. ಸಾಂಬಾರನ್ನು ಬಟ್ಟಲಲ್ಲಿ ತೆಗೆದುಕೊಂಡು ಅದ್ದಿ ತಿನ್ನಿ, ಇಡ್ಲಿಯನ್ನು ಅದರಲ್ಲಿ ಮುಳುಗಿಸಬೇಡಿ. ಮಸಾಲೆ ದೋಸೆಯಲ್ಲಿ ತೊಂದರೆ ಕೊಡುವುದು ಹಿಟ್ಟಲ್ಲ. ಕಾವಲಿಯ ಮೇಲಿನ ಬೆಣ್ಣೆ, ಒಳಗೆ ಬಳಿದ ಬೆಳ್ಳುಳ್ಳಿಯ ಕೆಂಪು ಚಟ್ನಿ. ‘ಕೆಂಪು ಚಟ್ನಿ ಬೇಡ, ಎಣ್ಣೆ ಕಡಿಮೆ’ ಎಂದರೆ ಹಾಕಿಕೊಡುತ್ತಾರೆ. ಖಾರಾಬಾತ್ ನೋಡಲು ಸಾಧು, ಆದರೆ ಚಮಚ ಒತ್ತಿದರೆ ಅಂಚಿನಲ್ಲಿ ಎಣ್ಣೆ ಕಾಣುತ್ತದೆ. ಇಡ್ಲಿ–ವಡೆಯ ಜೋಡಿಯಲ್ಲಿ ವಡೆಯನ್ನು ಬಿಟ್ಟುಬಿಡಿ.

ನಿಂತು ತಿನ್ನುವುದರಿಂದ ಏನೂ ಆಗದು, ಐದು ನಿಮಿಷದಲ್ಲಿ ಮುಗಿಸುವುದರಿಂದ ಆಗುತ್ತದೆ. ಅವಸರದಲ್ಲಿ ಗಾಳಿಯೂ ನುಂಗಿರುತ್ತೀರಿ, ತೇಗು ಅದನ್ನು ಹೊರಹಾಕುವಾಗ ಆಮ್ಲವೂ ಜೊತೆಗೆ ಬರಬಹುದು. ಹದಿನೈದು ಇಪ್ಪತ್ತು ನಿಮಿಷ ಕೊಡಿ.

ಮನೆಯ ಹಿಟ್ಟಾದರೆ ಏಪ್ರಿಲ್‌ನಲ್ಲಿ 7–8 ಗಂಟೆ, ಡಿಸೆಂಬರಿನ ಚಳಿಯಲ್ಲಿ 12–14 ಗಂಟೆ ಹುದುಗು. ಉಬ್ಬಿದ ತಕ್ಷಣ ಫ್ರಿಜ್ಜಿಗೆ ಸೇರಿಸಿ ಎರಡು ದಿನದಲ್ಲಿ ಮುಗಿಸಿ. ನಾಲ್ಕನೇ ದಿನದ ಹುಳಿಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಊತಪ್ಪ ಮಾಡುವ ಜಾಣತನ ಉರಿ ಇಲ್ಲದವರಿಗೆ ಮೀಸಲು.

ಪ್ರಶ್ನೆ: ಕೆಲಸ ಹೊರವರ್ತುಲ ರಸ್ತೆಯಲ್ಲಿ, ಮನೆ ಕೆಂಗೇರಿಯಲ್ಲಿ. ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ, ಏಳೂವರೆಗೆ ಊಟ ಎಂಬುದೆಲ್ಲ ಆಗದ ಮಾತು. – ಸಾಫ್ಟ್‌ವೇರ್ ಉದ್ಯೋಗಿ

ಹಾಗಾದರೆ ಊಟವನ್ನೇ ಒಡೆಯಿರಿ. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಇನ್ನೊಂದು ಸಣ್ಣ ಡಬ್ಬಿ ಇರಲಿ: ಎರಡು ಚಪಾತಿ, ಪಲ್ಯ, ಇಲ್ಲವೇ ತರಕಾರಿ ಹಾಕಿದ ಅವಲಕ್ಕಿ. ಆಫೀಸಿನ ಫ್ರಿಜ್ಜಿನಲ್ಲಿಟ್ಟು ಆರೂವರೆಗೆ ಬಿಸಿ ಮಾಡಿ, ಹೊರಡುವ ಮೊದಲೇ ತಿನ್ನಿ. ಇದೇ ನಿಮ್ಮ ರಾತ್ರಿಯೂಟ. ಮನೆಗೆ ಬಂದಮೇಲೆ ಒಂದು ಬಟ್ಟಲು ತೆಳ್ಳನೆಯ ಹೆಸರುಬೇಳೆ ಗಂಜಿ ಅಥವಾ ಒಂದು ಲೋಟ ರಾಗಿ ಅಂಬಲಿ, 200 ಮಿಲಿಲೀಟರ್ ಮೀರದಂತೆ. ಆರು ಗಂಟೆಗೆ ಬಿಸ್ಕತ್ತು, ಬಜ್ಜಿ, ಕಾಫಿಯಲ್ಲಿ ಹಸಿವು ಮುಚ್ಚಿ, ಹತ್ತಕ್ಕೆ ಮನೆಯಲ್ಲಿ ಹೊಟ್ಟೆಬಿರಿಯ ಉಣ್ಣುವುದೇ ಈ ನಗರದ ಎದೆಯುರಿಯ ಮುಖ್ಯ ಮಾದರಿ. ಏಕಾದಶಿಯ ದಿನ ಹಗಲೆಲ್ಲ ಖಾಲಿ ಇದ್ದು ರಾತ್ರಿ ಸಬ್ಬಕ್ಕಿ ವಡೆ ತಿನ್ನುವುದೂ ಅದೇ ಜಾತಿ. ಹನ್ನೊಂದಕ್ಕೆ ಆ್ಯಪ್‌ನಲ್ಲಿ ತರಿಸುವ ಬಿರಿಯಾನಿಯ ಬಗ್ಗೆ ಹೇಳಬೇಕೇ?

ಪ್ರಶ್ನೆ: ಉರಿ ಬಂದಾಗ ತಣ್ಣನೆ ಹಾಲು, ಅಡುಗೆ ಸೋಡಾ, ಪುದೀನ ಕಷಾಯ, ಬೆಳಿಗ್ಗೆ ನಿಂಬೆ–ಜೇನು ನೀರು. ಇವುಗಳಲ್ಲಿ ಯಾವುದು ಸರಿ? – ವಿಜಯನಗರದಿಂದ

ಪುದೀನ ಮೊದಲು ನಿಲ್ಲಿಸಿ. ಅದು ಕವಾಟವನ್ನು ಸಡಿಲಗೊಳಿಸುತ್ತದೆ. ತಂಪೆನಿಸುವುದು ಬಾಯಿಗೆ ಮಾತ್ರ. ಉರಿಯುವ ಅನ್ನನಾಳಕ್ಕೆ ನಿಂಬೆ–ಜೇನು, ನೆಲ್ಲಿಕಾಯಿ ರಸ, ವಿನೆಗರ್ ಸುರಿಯುವುದು ಗಾಯಕ್ಕೆ ಹುಳಿ ಹಿಂಡಿದಂತೆಯೇ.

ಹಾಲು ಕೆಲವು ನಿಮಿಷ ಹಿತ ಕೊಡುತ್ತದೆ. ಆಮೇಲೆ ಅದರ ಪ್ರೋಟೀನು, ಕ್ಯಾಲ್ಸಿಯಂ ಜಠರವನ್ನು ಮತ್ತಷ್ಟು ಆಮ್ಲ ಸುರಿಸಲು ಎಬ್ಬಿಸುತ್ತವೆ. ಮಲಗುವ ಮುಂಚೆ ದೊಡ್ಡ ಲೋಟ ಕೆನೆಹಾಲು ಇನ್ನೂ ಕೆಟ್ಟದ್ದು. ಬೇಕೇ ಬೇಕೆಂದರೆ ಕೆನೆ ತೆಗೆದ ಅರ್ಧ ಲೋಟ.

ಸೋಡಾ ಆಮ್ಲವನ್ನು ನಿಜಕ್ಕೂ ಕೊಲ್ಲುತ್ತದೆ. ಆದರೆ ಆಗ ಹುಟ್ಟುವ ಅನಿಲ ಜಠರವನ್ನು ಹಿಗ್ಗಿಸುತ್ತದೆ; ‘ಡರ್’ ಎಂದು ತೇಗು ಬಂದಾಗ ಸಿಗುವ ಸಮಾಧಾನ ಅದರದ್ದೇ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2,000. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಮುಟ್ಟಬಾರದು. ಪೊಟ್ಟಣದಲ್ಲಿ ಬರುವ ನೊರೆಯುಕ್ಕುವ ಪುಡಿಗಳ ಮೂಲವೂ ಸೋಡಾವೇ. ಆಗೊಮ್ಮೆ ಈಗೊಮ್ಮೆ ಬರುವ ಉರಿಗೆ ಆಲ್ಜಿನೇಟ್ ಇರುವ ಔಷಧ ಊಟವಾದ ಮೇಲೆ ತೆಗೆದುಕೊಳ್ಳುವುದು ಮೇಲು, ಅದು ಜಠರದ ದ್ರವದ ಮೇಲೆ ತೆಪ್ಪದಂತೆ ತೇಲಿ ತಡೆಯುತ್ತದೆ. ಅದರಲ್ಲೂ ಸೋಡಿಯಂ ಇರುತ್ತದೆ. ಮೇಲೆ ಹೇಳಿದ ಕಾಯಿಲೆಗಳಿದ್ದರೆ ವೈದ್ಯರನ್ನು ಕೇಳಿಯೇ ಕೊಳ್ಳಿ.

ಜೀರಿಗೆ ನೀರು, ಸೋಂಪು ಅಗಿಯುವುದು ನಿರಪಾಯ. ಅಗಿದಾಗ ಜೊಲ್ಲು ಹೆಚ್ಚುತ್ತದೆ, ಜೊಲ್ಲು ಸ್ವಲ್ಪ ಕ್ಷಾರ, ಅದು ಅನ್ನನಾಳವನ್ನು ತೊಳೆಯುತ್ತದೆ. ಅದೇ ಕೆಲಸಕ್ಕೆ ಎಲೆ–ಅಡಿಕೆ ಹಾಕುವವರಿಗೆ ಮಾತ್ರ ನಮ್ಮ ಸಮ್ಮತಿಯಿಲ್ಲ, ಅಡಿಕೆ ಕ್ಯಾನ್ಸರ್‌ಕಾರಕ. ಮಜ್ಜಿಗೆ ಅಂದಂದಿನದಾಗಿರಲಿ, ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಹಸಿಮೆಣಸಿನಕಾಯಿ ಇಲ್ಲದೆ.

ಪ್ರಶ್ನೆ: ಎದೆಯುರಿಯೋ ಹೃದಯಾಘಾತವೋ ತಿಳಿಯುವುದು ಹೇಗೆ? – ಯಲಹಂಕದಿಂದ

ಮನೆಯಲ್ಲಿ ಖಚಿತವಾಗಿ ತಿಳಿಯಲಾಗದು. ಎದೆಯ ನಡುವೆ ಬಿಗಿತ, ಭಾರ. ನೋವು ದವಡೆ, ಎಡತೋಳು, ಬೆನ್ನಿಗೆ ಹರಡುವುದು. ತಣ್ಣನೆ ಬೆವರು, ಏದುಸಿರು. ಮೆಟ್ಟಿಲು ಹತ್ತಿದಾಗ ಹೆಚ್ಚಿ ನಿಂತಾಗ ಇಳಿಯುವುದು. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಜಯದೇವವೇ ಆಗಬೇಕೆಂದು ಊರು ದಾಟುತ್ತಾ ಹೊತ್ತು ಕಳೆಯಬೇಡಿ. ಆಂಟಾಸಿಡ್ ಕುಡಿದು ಕಡಿಮೆಯಾಯಿತು ಎಂಬುದು ಹೃದಯ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ ಬರೀ ಹೊಟ್ಟೆ ತೊಳಸು, ಸುಸ್ತಿನ ರೂಪದಲ್ಲೂ ಅದು ಬರಬಹುದು.

ಆತುರವಲ್ಲದಿದ್ದರೂ ತಡಮಾಡಬಾರದ ಲಕ್ಷಣಗಳೂ ಇವೆ: ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ. ಇವಿದ್ದರೆ ಎಂಡೋಸ್ಕೋಪಿ ಬೇಕಾಗುತ್ತದೆ. ರಕ್ತವಾಂತಿಯಾದರೆ, ಡಾಂಬರಿನಂಥ ಕಪ್ಪು ಮಲ ಹೋದರೆ ತಕ್ಷಣ ಆಸ್ಪತ್ರೆ.

ಪ್ರಶ್ನೆ: ಎರಡು ವರ್ಷದಿಂದ ಪ್ಯಾಂಟೊಪ್ರಜೋಲ್ ಮಾತ್ರೆ ತಿಂಡಿಯಾದ ಮೇಲೆ ನುಂಗುತ್ತಿದ್ದೇನೆ. ಬಿಟ್ಟರೆ ಎರಡೇ ದಿನಕ್ಕೆ ಉರಿ ದುಪ್ಪಟ್ಟು. – ಬನಶಂಕರಿಯಿಂದ

ಎರಡು ವಿಷಯ. ಒಂದು, ಹೊತ್ತು ತಪ್ಪಿದೆ. ಈ ಮಾತ್ರೆ ಕೆಲಸ ಮಾಡುತ್ತಿರುವ ಆಮ್ಲದ ಪಂಪುಗಳನ್ನಷ್ಟೇ ನಿಲ್ಲಿಸುತ್ತದೆ, ಪಂಪುಗಳು ಎಚ್ಚರಗೊಳ್ಳುವುದು ತಿಂಡಿ ಹೊಟ್ಟೆಗೆ ಬಿದ್ದಾಗ. ಆ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಅಂದರೆ ತಿಂಡಿಗೆ 30ರಿಂದ 60 ನಿಮಿಷ ಮುಂಚೆ, ಬರಿಹೊಟ್ಟೆಗೆ, ನೀರಿನ ಜೊತೆ, ಪುಡಿ ಮಾಡದೆ. ನುಂಗಿ ತಿಂಡಿಯನ್ನೇ ಬಿಡುವುದೂ ಅಷ್ಟೇ ವ್ಯರ್ಥ.

ಎರಡು, ಬಹಳ ದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ತಡೆಹಿಡಿದ ಪಂಪುಗಳು ಕೆಲವು ವಾರ ಅತಿಯಾಗಿ ಆಮ್ಲ ಸುರಿಸುತ್ತವೆ. ನೀವು ಕಂಡದ್ದು ಅದೇ ಇರಬಹುದು, ಮೂಲ ಕಾಯಿಲೆ ಮರಳಿದ್ದೇ ಎಂದು ತೀರ್ಮಾನಿಸಬೇಡಿ. ಪ್ರಮಾಣ ಅರ್ಧಕ್ಕೆ ಇಳಿಸುವುದು, ನಂತರ ದಿನ ಬಿಟ್ಟು ದಿನ, ಹೀಗೆ ವೈದ್ಯರ ಜೊತೆ ಮಾತಾಡಿ ಬಿಡಬೇಕು. ಅಲ್ಸರ್, ಅನ್ನನಾಳದ ಹುಣ್ಣು ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆಯವರು ತಾವಾಗಿಯೇ ನಿಲ್ಲಿಸಬಾರದು. ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ತಗ್ಗಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ, ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಡೊಂಪೆರಿಡೋನ್ ಬೆರೆತ ಕ್ಯಾಪ್ಸೂಲನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದು ತಿಂಗಳುಗಟ್ಟಲೆ ನುಂಗುವುದು ಬೇಡ, ವಯಸ್ಸಾದವರಲ್ಲಿ ಅದು ಹೃದಯದ ಲಯ ಕೆಡಿಸಬಹುದು. ಬಿಪಿಗೆ ಆಮ್ಲೋಡಿಪಿನ್, ಮಂಡಿನೋವಿಗೆ ನೋವಿನ ಮಾತ್ರೆ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮೊದಲನೆಯದು ಕವಾಟ ಸಡಿಲಿಸಬಲ್ಲದು, ಎರಡನೆಯದು ಒಳಪೊರೆ ಕೆರೆಯುತ್ತದೆ.

ಪ್ರಶ್ನೆ: ಅವರೆಕಾಯಿ ಕಾಲದಲ್ಲಿ ಉರಿ, ಉಬ್ಬರ ಎರಡೂ ಜಾಸ್ತಿ. ವಿ.ವಿ. ಪುರದ ತಿಂಡಿ ಬೀದಿಯಲ್ಲಿ ನಡೆದರೂ ಹೆದರಿಕೆ. – ಚಾಮರಾಜಪೇಟೆಯಿಂದ

ಅವರೆಯ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಕರಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗುತ್ತವೆ, ಉಬ್ಬರ ಅದರಿಂದ. ಕರುಳಿನ ಆ ಗಲಾಟೆ ಕೆಲವರಲ್ಲಿ ಮೇಲಿನ ಕವಾಟವನ್ನೂ ಸಡಿಲಗೊಳಿಸುತ್ತದೆ. ಹಿತಕಿದ ಬೇಳೆಯೇ ನಿಮಗೆ ದಾರಿ. ಕಾಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹಿತಕಿ ಸಿಪ್ಪೆ ತೆಗೆದು, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕಿದರೆ ನುರಿಯುವಷ್ಟು ಬೇಯಿಸಿ. ಸಾರಿಗೆ ಕೊಬ್ಬರಿ ಅರ್ಧ, ಬೆಳ್ಳುಳ್ಳಿ ಒಂದೇ ಎಸಳು, ಚಕ್ಕೆ–ಲವಂಗದ ಮಸಾಲೆ ಹದವಾಗಿ. ಒಬ್ಬರಿಗೆ ಅರ್ಧ ಬಟ್ಟಲು ಬೇಳೆ, ಮಧ್ಯಾಹ್ನದ ಊಟಕ್ಕೆ. ಬೀದಿಯಲ್ಲಿ ಸಿಗುವ ಅವರೆಬೇಳೆ ದೋಸೆಯನ್ನು ಇಬ್ಬರು ಹಂಚಿಕೊಂಡು ಸಂಜೆ ಆರರ ಒಳಗೆ ತಿನ್ನಿ, ಆ ರಾತ್ರಿ ಮನೆಯಲ್ಲಿ ಗಂಜಿ. ಎಣ್ಣೆಯಲ್ಲಿ ಕರಿದ ಹುರಿಗಾಳಿನ ಪೊಟ್ಟಣ ಮಾತ್ರ ಬೇರೆಯವರ ಕೈಗೆ ಕೊಟ್ಟುಬಿಡಿ.